ಎರಡಕ್ಷರ

ಇಲಿ ಬಂದು ಮೌಸಿನ ವೈರು ಕಡಿದದ್ದು
ಸುಗ್ಗಿ ನಡುವ, ಮಂಗಳವಾರ ರಾತ್ರಿ.
ಕಾರಟಗಿಯ ಅಕ್ಕಿ ಗಿರಣಿಯಾಗ
ಇಲಿಗೆ ಭತ್ತದ ಬರ ಏನೂ ಇದ್ದಿಲ್ಲ,
ಆದ್ರೂ ಅದಕ್ಕ ಬೇಕಾದದ್ದು ವೈರು.
ಮುಂಜಾನೆ ಕಾಟಾದ ಮುಂದ ಹದಿನಾಲ್ಕು ಲಾರಿ,
ನನ್ನ ಕೈಯಾಗ ಬಾಲ ಇಲ್ಲದ ಮೌಸು.

ಯುಪಿಎಸ್ ಬ್ಯಾಟರಿಗೆ ನೀರು ಹಾಕಾಕ ಬಂದ
ಶೇಕ್ಷಾವಲಿ ನಕ್ಕ: "ಇಲೀನ ಇಲಿ ತಿಂತಲ್ಲಕ್ಕಾ!"
ಆಮ್ಯಾಲೆ ಪೆನ್‌ಡ್ರೈವ್ ಚುಚ್ಚಿ ಏನೋ ಒಂದು ಹಾಕಿದ.
"ಆಲ್ಟ್ ಹಿಡಿ, ಸ್ಪೇಸ್ ಒತ್ತು. ಡಬ್ಬಿ ಬರ್ತೈತಿ.
ಯಾರು ಬೇಕೋ ಅವರ ಹೆಸರಿಂದು
ಮೊದಲ ಎರಡಕ್ಷರ ಒದರು. ಓಡಿ ಬರ್ತಾರ."

ಡಬ್ಬಿ ಬಂತು. ಉದ್ದಕ, ಬೆಳ್ಳಗ,
ಒಗೆದು ಹಾಸಿದ ಧೋತರದ ಹಂಗ.
ಕೆ, ಎ: ಕಾಟಾ ತೆರೀತು.
ಬಿ, ಐ: ಬಿಲ್ಲು.
ಎಲ್, ಓ: ಲೋಡಿನ ಪಟ್ಟಿ,
ಹೋದ ವರ್ಷ ಕಳದೈತಿ ಅಂತ ಬೈಸಿಕೊಂಡದ್ದು ಸಹಿತ.

ಇಷ್ಟು ದಿನ ನಾ ಮಾಡಿದ್ದೇನು?
ಸ್ಟಾರ್ಟಿಗೆ ಹೋಗು, ಅಲ್ಲಿಂದ ಡಿ ಡ್ರೈವಿಗೆ,
ಅಲ್ಲೊಂದು "ಹೊಸ ಫೋಲ್ಡರ್", ಅದರಾಗ "ಹೊಸ ಫೋಲ್ಡರ್ ೨",
ಅದರೊಳಗ ಯಂಕೋಬಣ್ಣ ಕೆಲಸ ಬಿಡುವಾಗ ಇಟ್ಟು ಹೋದ
"ಫೈನಲ್", "ಫೈನಲ್ ಹೊಸದು", "ಇದೇ ಫೈನಲ್".
ಗಂಗಾವತಿಗೆ ಹೋಗಾಕ ಸಿಂಧನೂರು ಸುತ್ತಿದ ಹಂಗ.

ಎರಡಕ್ಷರ ಸಾಕು ಅನ್ನೋದು
ನನಗ ಯಾಕ ಹೊಸದಾತೋ.
ನಮ್ಮೂರಾಗ ಪೂರಾ ಹೆಸರು ಇರೋದು
ರೇಷನ್ ಕಾರ್ಡಿನಾಗ.
ಹುಸೇನಮ್ಮ ಅಂತ ನೆಟ್ಟಗ ಕರೆದವರು
ಹಾಜರಿ ಹಾಕೋ ಮಾಸ್ತರು,
ಮತ್ತ ಲಗ್ನಪತ್ರಿಕೆ ಅಚ್ಚು ಹಾಕಿದಾವ.
ಅವ್ವ ಕಾಲುವಿ ಆಚಿ ದಂಡಿಯಿಂದ
"ಹುಸೇ" ಅಂದ್ರ ಸಾಕು,
ಉಳಿದದ್ದು ನೀರಿನ ಮ್ಯಾಲೆ ತೇಲಿ ಬರೋ ಮೊದಲ
ನಾ ಬಕೀಟು ಹಿಡದು ಓಡ್ತಿದ್ದೆ.
ಹಮಾಲಿ ಮೇಸ್ತ್ರಿ ದುರಗಪ್ಪಂದೂ ಹಂಗ:
"ಏ ಬಾಳ್ಯಾ, ಏ ಸಣ್ಯಾ" ಅಂದ್ರ
ಚೀಲ ಜಾರೋದ್ರಾಗ ಹೆಗಲು ಬಂದು ನಿಂತಿರತೈತಿ.

ಡಬ್ಬಿಗೆ ನೆನಪೈತಿ.
ದಿನಾ ಕರಿಯೋರನ್ನ ಮುಂದ ನಿಲ್ಲಸ್ತೈತಿ,
ಅಪರೂಪದವರನ್ನ ಹಿಂದಕ ಸರಸ್ತೈತಿ,
ಹೇಳದ, ಕೇಳದ.
ಮೊದಲು ಕೆ, ಎ ಬೇಕಿತ್ತು; ಹದಿನೈದು ದಿನಕ್ಕ
ಬರೇ ಕೆ ಅಂದ್ರ ಕಾಟಾ.

ಲಾರಿಗೆ ನಾಕು ನಿಮಿಷ ಹಿಡಿಯೋದು
ಒಂದೂವರಿಗೆ ಇಳೀತು.
ಸಾವುಕಾರ್ರು ಗ್ವಾಡಿ ಗಡಿಯಾರ ನೋಡಿದ್ರು,
ನನ್ನ ನೋಡಿದ್ರು,
ತವುಡಿನ ಲೆಕ್ಕಾನೂ ನನಗ ಕೊಟ್ರು.
ಚುರುಕು ಎತ್ತಿಗೆ ಇನ್ನೊಂದು ಸಾಲು.

ಆದ್ರೂ ಲಾರಿ ಲಾರಿ ನಡುವ ಒಂಚೂರು ಉಳೀತು,
ಮೊರದ ಮೂಲ್ಯಾಗ ನುಚ್ಚು ಉಳದ ಹಂಗ.
ಅದನ್ನ ನಾ ಯಾರಿಗೂ ತೋರಸಲಿಲ್ಲ.

ನಿನ್ನೆ ಸಾವುಕಾರ್ರು ಬೆನ್ನ ಹಿಂದ ಬಂದು ನಿಂತು
"ಸೋನಾ ಮಸೂರಿ ಸ್ಟಾಕ್ ಎಷ್ಟೈತಿ, ತೆಗಿ" ಅಂದ್ರು.
ಆಲ್ಟ್. ಸ್ಪೇಸ್. ಎಸ್. ಎಂಟರ್.
ಬೆರಳು ನನ್ನ ಕೇಳಲಿಲ್ಲ.
ಪರದೆ ತುಂಬ ಹಸಿರು ಹಾಸು,
ಮ್ಯಾಲೆ ಏಳು ಸಾಲು ಎಲಿ,
ಮುಂಜಾನೆ ಅರ್ಧಕ್ಕ ಬಿಟ್ಟ ಸಾಲಿಟೇರ್ ಆಟ.
ಹೊಸ ಮೌಸ್ ಬಂದು ತಿಂಗಳಾಗಿತ್ತು,
ಅದಕ್ಕಿದ್ದ ಕೆಲಸ ಇದೊಂದ.
ಎಸ್ ಅಂದ್ರ ಸ್ಟಾಕ್ ಅನ್ನೋದನ್ನ
ಡಬ್ಬಿ ಯಾವಾಗೋ ಹಿಂದಕ ತಳ್ಳಿತ್ತು.
ಕಲಿಸಿದಾಕಿ ನಾನ.

ಫ್ಯಾನಿನ ರೆಕ್ಕಿಯಿಂದ ತವುಡಿನ ಧೂಳು ಉದುರಿತು.
ಹೊರಗ ಒಂದು ಲಾರಿ ಹಾರನ್ ಹೊಡೀತು, ಎರಡು ಸಲ.
ಸಾವುಕಾರ್ರು ಚಷ್ಮಾ ಏರಿಸಿ ಬಗ್ಗಿದ್ರು.
ಬಾಳ ಹೊತ್ತು ನೋಡಿದ್ರು.
"ಆ ಆಟೀನ ರಾಣೀನ
ಕಳಾವರ ರಾಜನ ಮ್ಯಾಲೆ ಇಡು," ಅಂದ್ರು.
"ಆಮ್ಯಾಲೆ ಸ್ಟಾಕ್ ತೆಗಿ."